ರ‍್ಯಾಕಿನ ಚೀಟಿಗೊಂದು ರೇಟು, ಬಿಲ್ಲಿಗೊಂದು ರೇಟು

ದೊಡ್ಡ ಮಾರ್ಟ್‌ನ ಬಿಲ್ಲಿನ ಬುಡದಲ್ಲಿ ದಪ್ಪ ಅಕ್ಷರದಲ್ಲಿ 'ಇಂದು ನೀವು ಉಳಿಸಿದ್ದು 612 ರೂಪಾಯಿ' ಅಂತ ಬಂದಿರುತ್ತದೆ. ಯಾವುದಕ್ಕೆ ಹೋಲಿಸಿ ಉಳಿಸಿದ್ದು? ಎಂಆರ್‌ಪಿಗೆ. ಎಂಆರ್‌ಪಿ ಪೇಟೆಯ ರೇಟಲ್ಲ, ಅದರ ಮೇಲೆ ಒಂದು ರೂಪಾಯಿಯೂ ತೆಗೆದುಕೊಳ್ಳಬಾರದು ಅಂತ ಹಾಕಿದ ಗೆರೆ. ತಿಂಗಳ ಸಾಮಾನಿನ ಚೀಟಿ ಹಿಡಿದು ಹೋದರೆ ದಾವಣಗೆರೆಯ ಮಂಡಿಪೇಟೆಯ ಕಿರಾಣಿಯವರೂ ಆ ಗೆರೆಗಿಂತ ಕೆಳಗೇ ಲೆಕ್ಕ ಹಾಕುತ್ತಾರೆ, ಅಷ್ಟು ಉಳಿಸಿದಿರಿ ಇಷ್ಟು ಉಳಿಸಿದಿರಿ ಅಂತ ಬರೆದು ಕೊಡುವುದಿಲ್ಲ ಅಷ್ಟೇ. ಹಾಗಾಗಿ ದೊಡ್ಡ ಮಾರ್ಟ್‌ಗಳಲ್ಲಿ ಮೊದಲು ಮರೆಯಬೇಕಾದ್ದು ಈ ಉಳಿತಾಯದ ಅಂಕಿಯನ್ನು. ಉಪಯೋಗಕ್ಕೆ ಬರುವ ಅಂಕಿ ಒಂದೇ: 100 ಗ್ರಾಂಗೆ ಎಷ್ಟು, ಲೀಟರ್‌ಗೆ ಎಷ್ಟು.

ಈ ಅಂಕಿಯನ್ನು ಪೊಟ್ಟಣದ ಮೇಲೆಯೇ ಅಚ್ಚು ಹಾಕಬೇಕು ಅಂತ ಪೊಟ್ಟಣ ಸರಕುಗಳ 2011ರ ನಿಯಮಗಳಿಗೆ ತಿದ್ದುಪಡಿ ಬಂದಿದೆ. ಎಂಆರ್‌ಪಿ ಪಕ್ಕದಲ್ಲೋ ಕೆಳಗೋ ಸಣ್ಣಕ್ಷರದಲ್ಲಿ ಇರುತ್ತದೆ, ಹುಡುಕಿ. ಆದರೆ ಅದರಲ್ಲಿ ಎರಡು ತೊಡಕು. ಒಂದು ಕೆಜಿಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿ, ಕೆಜಿ ದಾಟಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಬರೆಯುವುದು ನಿಯಮ. ಹೀಗಾಗಿ 900 ಗ್ರಾಂ ಪೊಟ್ಟಣದ ಮೇಲೆ 0.24 ಅಂತಲೂ, ಎರಡು ಕೆಜಿಯದರ ಮೇಲೆ 228 ಅಂತಲೂ ಇದ್ದರೆ ಕಣ್ಣಿಗೆ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. ಗ್ರಾಂ ಲೆಕ್ಕವನ್ನು 1000ದಿಂದ ಗುಣಿಸಿ: 240 ಎದುರಿಗೆ 228. ಎರಡನೆಯ ತೊಡಕು ಇನ್ನೂ ದೊಡ್ಡದು. ಅಚ್ಚಾಗಿರುವ ಲೆಕ್ಕ ಎಂಆರ್‌ಪಿಯದು, ಮಾರ್ಟ್‌ನವರು ಇಳಿಸಿದ ರೇಟಿನದಲ್ಲ. ಒಂದಕ್ಕೆ ಶೇ 8, ಇನ್ನೊಂದಕ್ಕೆ ಶೇ 20 ಇಳಿಸಿದ್ದರೆ ಆ ಲೆಕ್ಕವೆಲ್ಲ ತಲೆಕೆಳಗು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ರ‍್ಯಾಕಿನ ಚೀಟಿಯ ರೇಟನ್ನು ಗ್ರಾಂನಿಂದ ಭಾಗಿಸಿ, ನೂರರಿಂದ ಗುಣಿಸುವುದೇ ದಾರಿ.

ಟೂತ್‌ಪೇಸ್ಟ್ ಮುಂದೆ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. 150 ಗ್ರಾಂನ ಎರಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ಹಳದಿ ಸ್ಟಿಕರ್ ಅಂಟಿಸಿ 192ಕ್ಕೆ ಇಟ್ಟಿದ್ದಾರೆ. ಪಕ್ಕದಲ್ಲೇ 200 ಗ್ರಾಂನ ಒಂಟಿ ಡಬ್ಬಿ, ಸ್ಟಿಕರ್ ಇಲ್ಲ, 118 ರೂಪಾಯಿ. ಕಾಂಬೊ 100 ಗ್ರಾಂಗೆ 64 ಬಿತ್ತು, ಒಂಟಿ 59. ಹಳದಿ ಸ್ಟಿಕರ್ ಇದ್ದದ್ದೇ ತುಟ್ಟಿ. ಯಾವಾಗಲೂ ಹೀಗೆ ಅಂತಲ್ಲ, ಆದರೆ 'ದೊಡ್ಡದು ತಗೊಂಡ್ರೆ ಸೋವಿ' ಅನ್ನುವ ನಂಬಿಕೆಯನ್ನು ಈ ಮಳಿಗೆಗಳು ಚೆನ್ನಾಗಿ ದುಡಿಸಿಕೊಳ್ಳುತ್ತವೆ. ಶಾಂಪೂದಲ್ಲಂತೂ ಲೆಕ್ಕ ಪೂರಾ ಉಲ್ಟಾ. ಎರಡು ರೂಪಾಯಿಯ ಸ್ಯಾಶೆಯಲ್ಲಿ 6 ಮಿಲಿ ಇದ್ದರೆ ಮಿಲಿಗೆ 33 ಪೈಸೆ. 340 ಮಿಲಿ ಬಾಟಲಿ ಇಳಿಸಿದ ರೇಟಿನಲ್ಲೇ 238 ಆದರೆ ಮಿಲಿಗೆ 70 ಪೈಸೆ. ನೀವು ಕೊಳ್ಳುವ ಬ್ರ್ಯಾಂಡಿನ ಸ್ಯಾಶೆ ತಿರುಗಿಸಿ ಎಷ್ಟು ಮಿಲಿ ಅಂತ ಒಮ್ಮೆ ನೋಡಿ. ಸ್ಯಾಶೆಯ ಸರ ಮಾರ್ಟ್‌ನಲ್ಲಿ ಎದ್ದು ಕಾಣುವಂತೆ ನೇತಾಡುವುದು ಅಪರೂಪ, ಅದಕ್ಕೆ ಮೂಲೆಯಂಗಡಿಯೇ ಆಗಬೇಕು.

ಎಣ್ಣೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲಿ. ಹಿಂದೆ ಕೆಲವು ಸರಕುಗಳನ್ನು ಇಂತಿಷ್ಟೇ ಅಳತೆಯ ಪೊಟ್ಟಣದಲ್ಲಿ ಮಾರಬೇಕು ಅಂತ ಒಂದು ಪಟ್ಟಿ ಇತ್ತು. ಗ್ರಾಂ ಲೆಕ್ಕದ ರೇಟು ಕಡ್ಡಾಯ ಮಾಡಿದ ತಿದ್ದುಪಡಿಯಲ್ಲೇ ಆ ಪಟ್ಟಿಯನ್ನು ತೆಗೆದುಹಾಕಿದರು. ಈಗ ಲೀಟರ್ ಪೌಚ್‌ನ ಪಕ್ಕದಲ್ಲಿ ಅಷ್ಟೇ ಎತ್ತರದ, ಅಷ್ಟೇ ಉಬ್ಬಿದ ಪೌಚ್‌ನಲ್ಲಿ 870 ಮಿಲಿ, 850 ಮಿಲಿ ಇದ್ದರೂ ತಪ್ಪಲ್ಲ. ಲೀಟರ್‌ನದು 142, ಪಕ್ಕದ 870 ಮಿಲಿಯದು 128 ಅಂತಿಟ್ಟುಕೊಳ್ಳಿ. ಹದಿನಾಲ್ಕು ರೂಪಾಯಿ ಕಡಿಮೆ ಅಂತ ಕೈ ಅಲ್ಲಿಗೇ ಹೋಗುತ್ತದೆ. 128ನ್ನು 0.87ರಿಂದ ಭಾಗಿಸಿದರೆ ಲೀಟರ್‌ಗೆ 147.

ಪೌಚ್ ಮೇಲೆ ಮಿಲಿ ಮತ್ತು ಗ್ರಾಂ ಎರಡೂ ಇದ್ದರೆ ಗ್ರಾಂ ನೋಡುವುದು ಒಳ್ಳೆಯದು. ಅಡುಗೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ಲೀಟರ್ ಲೆಕ್ಕ ಅಲ್ಪ ಸ್ವಲ್ಪ ಆಚೀಚೆ ಆದೀತು, ತೂಕ ಆಗುವುದಿಲ್ಲ. ನಮ್ಮ ಕಡೆ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಎಣ್ಣೆಯನ್ನು ಮಿಲ್ಲಿನಲ್ಲೋ ಗಾಣದಲ್ಲೋ ಕೆಜಿ ಲೆಕ್ಕದಲ್ಲಿ ತರುವವರು ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಇದ್ದಾರೆ. ಅಲ್ಲಿ ಕೆಜಿಗೆ 240 ಅಂದದ್ದನ್ನು ಮಾರ್ಟ್‌ನ ಲೀಟರ್ 225ರ ಜೊತೆ ನೇರ ಹೋಲಿಸಿದರೆ ಮಾರ್ಟ್ ಸೋವಿ ಅನ್ನಿಸುತ್ತದೆ. ಕೆಜಿ ರೇಟನ್ನು 0.91ರಿಂದ ಗುಣಿಸಿ: ಲೀಟರ್‌ಗೆ 218 ಬಂತು. ಸೋವಿ ಯಾವುದು ಅಂತ ಈಗ ಹೇಳಿ.

ಅಕ್ಕಿಗೆ ಬೇರೆಯೇ ಗಣಿತ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆಜಿವರೆಗೆ ಶೇ 5 ಜಿಎಸ್‌ಟಿ ಇದೆ, ಬಂದದ್ದು 2022ರ ಜುಲೈ 18ರಿಂದ. ಇಪ್ಪತ್ತೈದು ದಾಟಿದರೆ ಇಲ್ಲ, ತೂಗಿ ಕೊಡುವ ಬಿಡಿ ಧಾನ್ಯಕ್ಕೂ ಇಲ್ಲ. ಪೇಟೆಯಲ್ಲಿ 26 ಕೆಜಿ ಚೀಲ ಅನ್ನುವ ವಿಚಿತ್ರ ಅಳತೆ ಹುಟ್ಟಿದ್ದು ಇದಕ್ಕೇ, ಆ ಒಂದು ಕೆಜಿ ಯಾರದ್ದೂ ಧಾರಾಳತನ ಅಲ್ಲ. ಸೋನಾ ಮಸೂರಿ 26 ಕೆಜಿ ಚೀಲ 1,456 ಆದರೆ ಕೆಜಿಗೆ 56. ಅದೇ ದರ್ಜೆಯ 5 ಕೆಜಿ ಪ್ಯಾಕ್ 310 ಆದರೆ ಕೆಜಿಗೆ 62. ಆ ಆರು ರೂಪಾಯಿಯಲ್ಲಿ ಹತ್ತಿರ ಮೂರು ರೂಪಾಯಿ ತೆರಿಗೆಯೇ. ಭದ್ರಾ ನಾಲೆಯ ಭತ್ತ ಬೆಳೆಯುವ ಹರಿಹರ, ಮಲೇಬೆನ್ನೂರು ಇಷ್ಟು ಹತ್ತಿರ ಇರುವಾಗ ದಾವಣಗೆರೆಯಲ್ಲಿ ಐದೈದು ಕೆಜಿ ಪ್ಯಾಕ್ ಅಕ್ಕಿ ಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ, ಒಂಟಿ ಮನುಷ್ಯರ ರೂಮು ಆದರೆ ಮಾತು ಬೇರೆ. ಚೀಲ ಕೊಳ್ಳುವಾಗ ಕೇಳಬೇಕಾದ್ದು ಮೂರೇ ಮಾತು: ಹಳೇದಾ ಹೊಸದಾ, ಸ್ಟೀಮಾ ಹಸಿಯಾ, ನುಚ್ಚು ಎಷ್ಟಿದೆ. ಈ ಪ್ರಶ್ನೆಗೆ ಮಂಡಿಯವರು ಒಂದು ಹಿಡಿ ತೆಗೆದು ಅಂಗೈಗೆ ಹಾಕುತ್ತಾರೆ. ಮಾರ್ಟ್‌ನಲ್ಲಿ ಉತ್ತರ ಹೇಳುವವರೇ ಸಿಗುವುದಿಲ್ಲ, ಅಲ್ಲಿನ ಹುಡುಗರಿಗೆ ರ‍್ಯಾಕ್ ತುಂಬುವ ಕೆಲಸ ಕೊಟ್ಟಿರುತ್ತಾರೆ, ಅಕ್ಕಿಯ ಕೆಲಸ ಅಲ್ಲ.

ಮಾರ್ಟ್‌ನ ಬಿಡಿ ಧಾನ್ಯದ ತೊಟ್ಟಿಯಲ್ಲಿ ತಪ್ಪಾಗುವುದು ತೂಕದ ಕೌಂಟರಿನಲ್ಲಿ. ಪ್ರತಿ ಸಾಮಾನಿಗೂ ಒಂದು ಕೋಡ್ ಇರುತ್ತದೆ, ತೂಗುವವರು ಆ ನಂಬರ್ ಒತ್ತಿ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ತೊಗರಿಬೇಳೆಯಲ್ಲೇ ಎರಡು ದರ್ಜೆ ಇದ್ದರೆ ಕಡಿಮೆಯದನ್ನು ತುಂಬಿಕೊಂಡು ಹೋದವರಿಗೆ ಮೇಲಿನದರ ಕೋಡ್ ಬೀಳುವುದು ಸಾಮಾನ್ಯ. ಚೀಟಿಯ ಮೇಲೆ ಹೆಸರು, ಕೆಜಿ ರೇಟು, ತೂಕ ಮೂರೂ ಇರುತ್ತವೆ, ಅಲ್ಲೇ ಓದಿ. ಕ್ಯಾಷ್ ಕೌಂಟರ್‌ಗೆ ಹೋದ ಮೇಲೆ ಗೊತ್ತಾದರೆ ಮತ್ತೆ ತೂಗಿಸಿಕೊಂಡು ಬರಬೇಕು, ಹಿಂದಿದ್ದವರ ಬೈಗುಳ ಬೇರೆ. ತರಕಾರಿ ತೂಗಿಸದೇ ನೇರ ಕ್ಯಾಷಿಗೆ ಹೋಗುವವರ ಪಾಡೂ ಅದೇ.

ಇನ್ನು ಶೀರ್ಷಿಕೆಯ ವಿಷಯ. ರ‍್ಯಾಕಿನ ಚೀಟಿಯಲ್ಲಿ 89, ಬಿಲ್ಲಿನಲ್ಲಿ 97. ಕೌಂಟರಿನ ಹುಡುಗಿ 'ಸಿಸ್ಟಮ್‌ನಾಗ ಇದೇ ಬರ್ತೈತಿ ಸಾರ್' ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ರೇಟು ಬದಲಾಗುವುದು ಕಂಪ್ಯೂಟರ್‌ನಲ್ಲಿ, ಸಾಮಾನ್ಯವಾಗಿ ರಾತ್ರಿ, ಮುಖ್ಯ ಕಚೇರಿಯಿಂದ. ರ‍್ಯಾಕಿನ ಕಾಗದದ ಚೀಟಿ ಬದಲಾಗುವುದು ಮನುಷ್ಯರ ಕೈಯಿಂದ, ಬೆಳಿಗ್ಗೆ, ಪುರುಸೊತ್ತಾದರೆ. ವಾರಾಂತ್ಯದ ಆಫರ್ ಭಾನುವಾರ ರಾತ್ರಿ ಮುಗಿಯುತ್ತದೆ, ಚೀಟಿ ಸೋಮವಾರ ಮಧ್ಯಾಹ್ನದವರೆಗೂ ನಗುತ್ತಾ ಕೂತಿರುತ್ತದೆ. ಚೀಟಿಯ ಮೂಲೆಯಲ್ಲಿ ಆಫರ್ ಯಾವ ತಾರೀಖಿನವರೆಗೆ ಅಂತ ಚಿಕ್ಕದಾಗಿ ಇದ್ದರೆ ಅದನ್ನೇ ಮೊದಲು ನೋಡಿ. ಆಮೇಲೆ ಚೀಟಿಯ ಮೇಲಿನ ಹೆಸರು ಮತ್ತು ಗ್ರಾಂ ನಿಮ್ಮ ಕೈಯಲ್ಲಿರುವುದಕ್ಕೆ ಹೊಂದುತ್ತದಾ ನೋಡಿ. ಯಾರೋ ಬೇಡವೆಂದು ಬಿಟ್ಟುಹೋದ 500 ಗ್ರಾಂ ಪೊಟ್ಟಣ 450 ಗ್ರಾಂನ ಚೀಟಿಯ ಮೇಲೆ ಕೂತಿರುವುದು ದಿನಾ ಇದ್ದದ್ದೇ.

ಹೊರಗಿನವರಿಗೆ ಕಾಣದ ಇನ್ನೊಂದು ಕಾರಣವಿದೆ. ಕಂಪನಿ ಎಂಆರ್‌ಪಿ ಬದಲಿಸಿದರೂ ಬಾರ್‌ಕೋಡ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಳೆ ಸ್ಟಾಕ್ 110, ಹೊಸದು 120, ಎರಡಕ್ಕೂ ಒಂದೇ ಬಾರ್‌ಕೋಡ್. ಸ್ಕ್ಯಾನ್ ಮಾಡಿದಾಗ ಕೌಂಟರಿನ ಪರದೆಯ ಮೇಲೆ 'ಯಾವ ಎಂಆರ್‌ಪಿ?' ಅಂತ ಚಿಕ್ಕ ಪಟ್ಟಿ ತೆರೆದುಕೊಳ್ಳುತ್ತದೆ, ಬಿಲ್ ಹೊಡೆಯುವವರು ಪೊಟ್ಟಣ ತಿರುಗಿಸಿ ನೋಡಿ ಸರಿಯಾದ್ದನ್ನು ಒತ್ತಬೇಕು. ಸಂಜೆ ಏಳು ಗಂಟೆಯ ಸಾಲಿನಲ್ಲಿ ಯಾರು ತಿರುಗಿಸುತ್ತಾರೆ? ಮೊದಲನೆಯದನ್ನೇ ಒತ್ತಿ ಮುಂದೆ. ನಿಮ್ಮ ಕೈಯಲ್ಲಿ ಹಳೆಯ 110ರ ಪೊಟ್ಟಣವಿದ್ದು ಬಿಲ್ಲಿನಲ್ಲಿ 114 ಬಿದ್ದರೆ ಅದು ಎಂಆರ್‌ಪಿ ಮೀರಿದ ವಸೂಲಿ, ಮಾತಾಡಿ ಬಗೆಹರಿಸುವ ವ್ಯತ್ಯಾಸ ಅಲ್ಲ, ನೇರ ಕಾನೂನು ಉಲ್ಲಂಘನೆ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗಲೂ ಹೀಗೆಯೇ ಎರಡೆರಡು ಎಂಆರ್‌ಪಿ ಒಂದೇ ರ‍್ಯಾಕಿಗೆ ಬಂದು ಕೂತವು. ಬಟ್ಟೆ ಒಗೆಯುವ ಪೌಡರ್ ಆ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಶೇ 18 ಹಾಗೇ ಉಳಿಯಿತು. ಸೋಪಿನ ರೇಟು ಇಳಿದು ಪೌಡರ್ ಯಾಕೆ ಇಳಿಯಲಿಲ್ಲ ಅಂತ ಕೌಂಟರಿನವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಕಾಂಬೊಗಳಿಗೂ ಬಾರ್‌ಕೋಡಿನದೇ ಕಾಟ. ಹೊರಗಿನ ಹಾಳೆಯ ಮೇಲೆ ಅಂಟಿಸಿದ ಸ್ಟಿಕರ್‌ನಲ್ಲಿ ಕಾಂಬೊದ ಕೋಡ್ ಇರುತ್ತದೆ, ಒಳಗಿನ ಪೊಟ್ಟಣಕ್ಕೆ ಅದರದೇ ಕೋಡ್ ಇರುತ್ತದೆ. ಒಳಗಿನದು ಸ್ಕ್ಯಾನ್ ಆದರೆ ಒಂಟಿ ರೇಟು ಬೀಳುತ್ತದೆ. 'ಒಂದು ಕೊಂಡರೆ ಒಂದು ಉಚಿತ' ಅಂದಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿದರೆ ಮಾತ್ರ ಬಿಲ್ಲಿನಲ್ಲಿ ಒಂದರ ಮೊತ್ತ ಕಳೆಯುತ್ತದೆ, ಒಂದನ್ನು ಬ್ಯಾಗಿಗೆ ಹಾಕಿಬಿಟ್ಟರೆ ಗೇಟಿನಲ್ಲಿ ಸೆಕ್ಯುರಿಟಿಯವರ ಕೈಗೆ ಸಿಕ್ಕುತ್ತೀರಿ. ಸುವಾಸನೆ, ಬಣ್ಣ ಬೇರೆ ಬೇರೆ ಆರಿಸಿಕೊಂಡರೆ ಎಷ್ಟೋ ಸಲ ಆಫರ್ ಲಾಗುವಾಗುವುದಿಲ್ಲ, ಮಲ್ಲಿಗೆಗೂ ನಿಂಬೆಗೂ ಕೋಡ್ ಬೇರೆ. ಇನ್ನು 1,500 ರೂಪಾಯಿ ಬಿಲ್ ಆದರೆ ಸಕ್ಕರೆ ಅರ್ಧ ರೇಟಿಗೆ ಅನ್ನುವ ಥರದ ಆಫರ್‌ಗಳಲ್ಲಿ ಆ 1,500ಕ್ಕೆ ಅಕ್ಕಿ, ಎಣ್ಣೆ, ಸಕ್ಕರೆ ಸೇರಿಸುವುದಿಲ್ಲ ಅನ್ನುವ ಸಾಲು ಬೋರ್ಡಿನ ಕೆಳಗೆ ಇರುತ್ತದೆ. ತಿಂಗಳ ಸಾಮಾನಿನಲ್ಲಿ ಅವು ಮೂರನ್ನು ತೆಗೆದರೆ ಉಳಿಯುವುದೇ ಎಷ್ಟು? ಕಡಿಮೆ ಬಿದ್ದ ಮೊತ್ತ ತುಂಬಿಸಲು ಬೇಡದ ಬಿಸ್ಕತ್ತು, ಮಗ್ಗು, ಬಾಚಣಿಗೆ ಗಾಡಿಗೆ ಬೀಳುತ್ತವೆ. ಮೂವತ್ತು ರೂಪಾಯಿಯ ಸಕ್ಕರೆ ಲಾಭಕ್ಕೆ ಇನ್ನೂರು ರೂಪಾಯಿಯ ಬಾಚಣಿಗೆ.

ಸಾಲಿನ ಬಗ್ಗೆ ಹೇಳುವುದು ಕಡಿಮೆ. ತಿಂಗಳ ಮೊದಲ ವಾರ, ಶನಿವಾರ–ಭಾನುವಾರದ ಸಂಜೆ, ಯುಗಾದಿ, ಗೌರಿ–ಗಣೇಶ, ದೀಪಾವಳಿಯ ಹಿಂದಿನ ಎರಡು ದಿನ ಬಿಟ್ಟುಬಿಡಿ. ವಾರದ ನಡುವೆ ಬಾಗಿಲು ತೆರೆದ ಮೊದಲ ತಾಸು ವಾಸಿ, ಚೀಟಿಗಳೂ ಆಗ ತಾನೇ ಬದಲಾಗುತ್ತಿರುತ್ತವೆ, ಗಮನಿಸಿ. ಸಾಲು ಆರಿಸುವಾಗ ಗಾಡಿ ಎಷ್ಟು ತುಂಬಿದೆ ಅನ್ನುವುದರ ಜೊತೆ ಎಷ್ಟು ಮಂದಿ ದುಡ್ಡು ಕೊಡುವವರಿದ್ದಾರೆ ಅಂತಲೂ ಎಣಿಸಿ. ಸ್ಕ್ಯಾನ್ ಬೇಗ ಆಗುತ್ತದೆ, ತಡವಾಗುವುದು ದುಡ್ಡು ಕೊಡುವಲ್ಲಿ: ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗದೆ ಯುಪಿಐ ಸುತ್ತುತ್ತಿರುತ್ತದೆ, ಇಲ್ಲವೇ ಒಂದು ಐಟಂ ಬೇಡ ಅಂದರೆ ಅದನ್ನು ತೆಗೆಯಲು ಸೂಪರ್‌ವೈಸರ್ ಬಂದು ತನ್ನ ಕಾರ್ಡ್ ಉಜ್ಜಬೇಕು. ಬೇಡದ್ದನ್ನು ಬಿಲ್ ಶುರುವಾಗುವ ಮುಂಚೆಯೇ ಪಕ್ಕಕ್ಕಿಡಿ.

ಮೊಬೈಲ್ ನಂಬರ್ ಕೇಳುತ್ತಾರೆ. ಕೊಡಲೇಬೇಕೆಂದಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅಂತ ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಬ್ಯಾಗಿನದೂ ಅಷ್ಟೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ 2016ರಿಂದಲೇ ನಿಷೇಧ, ಬಟ್ಟೆಯದು, ಕಾಗದದ್ದು ಅಂತ ದುಡ್ಡು ಹಾಕುತ್ತಾರೆ. ಮುಂಚೆ ತಿಳಿಸದೆ ಕೌಂಟರಿನಲ್ಲಿ ಏಕಾಏಕಿ ಬ್ಯಾಗಿಗೆ ದುಡ್ಡು ಸೇರಿಸುವುದು ಸರಿಯಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿತ್ತು. ವಾದಕ್ಕಿಂತ ಮನೆಯಿಂದ ಎರಡು ಕೈಚೀಲ ಒಯ್ಯುವುದು ಸುಲಭ. ಬಾಗಿಲಲ್ಲಿ ಅದಕ್ಕೆ ಟ್ಯಾಗ್ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ.

ಬಿಲ್ ಕೈಗೆ ಬಂದ ಮೇಲಿನ ಐದು ನಿಮಿಷವೇ ಮುಖ್ಯ. ಗೇಟಿನಲ್ಲಿ ಸೀಲ್ ಹೊಡೆಸುವ ಮುಂಚೆ, ಗೋಡೆ ಪಕ್ಕಕ್ಕೆ ಗಾಡಿ ಎಳೆದು ನಿಲ್ಲಿ. ಮೊದಲು ಐಟಂಗಳ ಸಂಖ್ಯೆ ತಾಳೆ ನೋಡಿ. ಒಂದೇ ಸಾಮಾನು ಎರಡು ಸಾಲಿನಲ್ಲಿದೆಯಾ, ಕ್ವಾಂಟಿಟಿ ಕಾಲಂನಲ್ಲಿ 1 ಇರಬೇಕಾದಲ್ಲಿ 11 ಇದೆಯಾ ನೋಡಿ, ನಂಬರ್ ಕೀಲಿ ಎರಡು ಸಲ ಒತ್ತಿಹೋಗುವುದುಂಟು. ಆಮೇಲೆ ಆಫರ್ ನಂಬಿ ಕೊಂಡವನ್ನು ಮಾತ್ರ ಒಂದೊಂದಾಗಿ. ಎಲ್ಲ ಐವತ್ತು ಸಾಲು ಓದುವ ಅಗತ್ಯವಿಲ್ಲ, ತಪ್ಪು ಬರುವುದು ಹೆಚ್ಚಾಗಿ ಆಫರ್ ಇದ್ದಲ್ಲಿ. ಸೀಲ್ ಬಿದ್ದು ಹೊರಗೆ ಹೋದಿರೋ, 'ಅವಾಗ್ಲೇ ಹೇಳ್ಬೇಕಿತ್ತಲ್ಲಣ್ಣಾ' ಅನ್ನುವ ಮಾತಿಗೆ ಉತ್ತರ ಹುಡುಕಬೇಕಾಗುತ್ತದೆ. ಬಿಲ್ಲಿನ ಫೋಟೋ ಅಲ್ಲೇ ತೆಗೆದುಕೊಳ್ಳಿ. ಅದು ಬಿಸಿಗೆ ಅಚ್ಚಾಗುವ ಥರ್ಮಲ್ ಕಾಗದ, ಬೈಕಿನ ಡಿಕ್ಕಿಯಲ್ಲಿ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಕಪ್ಪಾಗಬಹುದು, ಮನೆಯಲ್ಲಿ ಇಟ್ಟರೂ ಬರಬರುತ್ತಾ ಅಕ್ಷರ ಮಾಸಿ ಬಿಳಿಯಾಗುತ್ತದೆ. ಮಿಕ್ಸಿಯ ವಾರಂಟಿಗೆ ಬೇಕಾದಾಗ ಖಾಲಿ ಸುರುಳಿ ಕೈಗೆ ಸಿಗುತ್ತದೆ.

ವ್ಯತ್ಯಾಸ ಕಂಡರೆ ಬಿಲ್ ಹೊಡೆದವರ ಹತ್ತಿರ ಜಗಳ ಬೇಡ, ರೇಟು ಬದಲಿಸುವ ಅಧಿಕಾರ ಅವರಿಗಿಲ್ಲ. ಕಸ್ಟಮರ್ ಸರ್ವಿಸ್ ಮೇಜಿಗೆ ಹೋಗಿ. ಅದಕ್ಕಿಂತ ಮುಂಚೆ ವಾಪಸ್ ರ‍್ಯಾಕಿಗೆ ಹೋಗಿ ಚೀಟಿಯ ಫೋಟೋ ತೆಗೆಯಿರಿ, ಚೀಟಿಯ ಜೊತೆ ಅದರ ಮೇಲಿನ ಸಾಮಾನೂ ಫೋಟೋದಲ್ಲಿ ಕಾಣಬೇಕು. ಅವರ ಕಡೆಯ ಮಾಮೂಲಿ ಮಾತು 'ಎಂಆರ್‌ಪಿ ಒಳಗೇ ಐತಲ್ಲ ಸಾರ್'. ಎಂಆರ್‌ಪಿ ಒಳಗಿದ್ದರೆ ಎಂಆರ್‌ಪಿ ನಿಯಮ ಮುರಿದಂತಲ್ಲ, ನಿಜ. ಆದರೆ 89 ಅಂತ ಬರೆದು ಕರೆದು 97 ತೆಗೆದುಕೊಳ್ಳುವುದು ದಾರಿ ತಪ್ಪಿಸುವ ಬೆಲೆ, ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವ ವಿಷಯ. ಇಷ್ಟನ್ನು ಸಮಾಧಾನವಾಗಿ ಹೇಳಿದರೆ ಬಹುಪಾಲು ಅಲ್ಲೇ ದುಡ್ಡು ಕೊಡುತ್ತಾರೆ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಂಆರ್‌ಪಿ ಮೀರಿದ್ದರೆ, ತೂಕ ಕಡಿಮೆ ಇದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ದೊಡ್ಡ ಮೊತ್ತದ ತಕರಾರಾದರೆ ಜಿಲ್ಲಾ ಗ್ರಾಹಕ ಆಯೋಗ, ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ, ಕೊಟ್ಟ ಬೆಲೆ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ವಾಪಸ್ ಕೊಡುವುದರಲ್ಲಿ ಎರಡು ವಿಷಯ ಕಲಸಿಕೊಳ್ಳಬಾರದು. ಬಣ್ಣ ಹಿಡಿಸಲಿಲ್ಲ, ಅಳತೆ ಆಗಲಿಲ್ಲ ಅಂದರೆ ಅದು ಅಂಗಡಿಯವರ ಷರತ್ತಿಗೆ ಬಿಟ್ಟದ್ದು, ಬಿಲ್ಲಿನ ಹಿಂದೆ ಎಷ್ಟು ದಿನ ಅಂತ ಇರುತ್ತದೆ, ಒಳಉಡುಪು ಎಲ್ಲೂ ತೆಗೆದುಕೊಳ್ಳುವುದಿಲ್ಲ. ಸಾಮಾನೇ ಕೆಟ್ಟದ್ದಾದರೆ ಹಾಗಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ದೋಷದ ಸಾಮಾನನ್ನು ವಾಪಸ್ ಪಡೆಯಲು ಒಪ್ಪದಿರುವುದು ಅದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಬೋರ್ಡು ಇಲ್ಲಿ ನಡೆಯುವುದಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನ್ ಕೊಂಡರೆ ಅಲ್ಲೇ ಪ್ಲಗ್ ಹಾಕಿಸಿ ನೋಡಿ, ವಾರಂಟಿ ಕಾರ್ಡಿಗೆ ಸೀಲ್, ತಾರೀಖು ಹಾಕಿಸಿ. ಸ್ಟೀಲ್ ಪಾತ್ರೆ ಮಾತ್ರ ಮಾರ್ಟ್‌ನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಪೀಸಿನ ಲೆಕ್ಕ, ತಳ ಎಷ್ಟು ತೆಳ್ಳಗಿದ್ದರೂ ಬೋಗುಣಿ ಬೋಗುಣಿಯೇ. ತೂಕಕ್ಕೆ ಕೊಡುವ ಪಾತ್ರೆ ಅಂಗಡಿಯಲ್ಲಿ ದಪ್ಪಕ್ಕೆ ತಕ್ಕ ದುಡ್ಡು.

ಹಾಗಾದರೆ ಮಾರ್ಟ್‌ಗೆ ಹೋಗಲೇಬಾರದಾ? ಬಟ್ಟೆ ಪೌಡರ್, ಪಾತ್ರೆ ಸೋಪು, ಫಿನಾಯಿಲ್, ಟೂತ್‌ಪೇಸ್ಟ್, ಮಕ್ಕಳ ಡೈಪರ್, ಬೆಡ್‌ಶೀಟು, ಪ್ಲಾಸ್ಟಿಕ್ ಡಬ್ಬಿ, ಇವಕ್ಕೆ ಲೆಕ್ಕ ಹಾಕಿ ಹೋದರೆ ಲಾಭವಿದೆ, ಕೆಡುವ ಸಾಮಾನಲ್ಲವಾದ್ದರಿಂದ ಆಫರ್ ಇದ್ದಾಗ ಎರಡು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಬಹುದು. ಆಫರಿನ ತಿನ್ನುವ ಸಾಮಾನಿನಲ್ಲಿ ಮಾತ್ರ ಎಕ್ಸ್‌ಪೈರಿ ನೋಡದೆ ಗಾಡಿಗೆ ಹಾಕಬೇಡಿ. ತಾರೀಖು ಹತ್ತಿರ ಬಂದದ್ದನ್ನು ರ‍್ಯಾಕಿನ ಮುಂದಕ್ಕೆ ತಳ್ಳಿರುತ್ತಾರೆ, ಕೈ ಹಿಂದಕ್ಕೆ ಹಾಕಿ ಎಳೆದರೆ ಹೊಸದು ಸಿಗುತ್ತದೆ. ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿ ಮಂಡಿಪೇಟೆಯದು. ಮಂಡಕ್ಕಿಯನ್ನಂತೂ ಈ ಊರಿನಲ್ಲಿದ್ದುಕೊಂಡು ಪ್ಯಾಕೆಟ್‌ನಲ್ಲಿ ಕೊಳ್ಳಬೇಡಿ. ಭಟ್ಟಿಯಿಂದ ಬಂದ ಚೀಲ ಅಂಗಡಿಯ ಮುಂದೆಯೇ ನಿಂತಿರುತ್ತದೆ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಗರಿಗರಿ ಇದೆಯಾ ನೋಡಿ ಕಟ್ಟಿಸಿಕೊಳ್ಳಬಹುದು. ಪ್ಯಾಕೆಟ್ ಬಿಚ್ಚುವುದು ಮನೆಗೆ ಹೋದ ಮೇಲೆ, ಮೆತ್ತಗಾಗಿದ್ದರೆ ಗೊತ್ತಾಗುವುದೂ ಆಗಲೇ.